ಕಾಣದ ಬಟನ್

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಔಷಧಿ ಹಾಕಿಸಿಕೊಂಡು ರೆಪ್ಪೆ ಮುಚ್ಚಿ ಕೂತಿದ್ದ ಮೇಷ್ಟರಿಗೆ ಕಿವಿಯೇ ಗತಿಯಾಗಿತ್ತು. ಪಕ್ಕದಲ್ಲಿ ಒಬ್ಬ ಹೆಂಗಸೂ ಆಕೆಯ ಅಕ್ಕನ ಮಗಳೂ ಮಾತಾಡುತ್ತಿದ್ದರು.

“ಈಗಾದ್ರೂ ಹೇಳು ಚಿಕ್ಕಮ್ಮ, ಕಣ್ಣಿಗೇನಾಯ್ತು?”

“ನೀನು ಮಾಡಿದ ಬಸ್ ಟಿಕೆಟ್ ವೆಬ್‌ಸೈಟಲ್ಲಿ ಬಟನ್ನೇ ಕಾಣಲ್ಲ ಕಣೆ. ಅಕ್ಕಪಕ್ಕದವರಿಗೆಲ್ಲ ಅವರವರ ಫೋನಲ್ಲಿ ಕಾಣುತ್ತೆ.”

“ನೀನು ನೋಡಿದ್ದು ನಿನ್ನ ಹಳೇ ಫೋನಲ್ಲಾ?”

“ಇನ್ಯಾವುದರಲ್ಲಿ?”



“ಅದರಲ್ಲಿ ಆ ಬಟನ್ ಬರೋದೇ ಇಲ್ಲ ಚಿಕ್ಕಮ್ಮ. ಎಲ್ಲ ಬ್ರೌಸರಿಗೂ ಒಪ್ಪೋ ಹಾಗೆ ಬರೀಬೇಕಿತ್ತು. ನನ್ನ ಫೋನೊಂದರಲ್ಲೇ ನೋಡಿ ಕೈತೊಳ್ಕೊಂಡೆ.”

“ಹಾಗಾದ್ರೆ ನನ್ನ ಕಣ್ಣು?”

“ಚೆನ್ನಾಗೇ ಇರಬೇಕು.”

“ಕಣ್ಣು ಹೋಯ್ತು ಅಂತ ನನ್ನ ಹೊಲಿಗೆ ಮೆಷಿನ್ ಒಬ್ಬ ಬಡ ಹೆಂಗಸಿಗೆ ಕೊಟ್ಟುಬಿಟ್ಟೆನಲ್ಲೇ.”

“ವಾಪಸ್ ಕೇಳೋಣ.”

“ಯಾವ ಬಾಯಲ್ಲಿ ಕೇಳ್ಲಿ? ಆ ಹೆಂಗಸು ಅದರಲ್ಲೇ ಹೊಟ್ಟೆ ಹೊರ್ಕೋತಿದ್ದಾಳೆ.”

ಅಷ್ಟರಲ್ಲಿ ನರ್ಸ್ ಚಿಕ್ಕಮ್ಮನ ಹೆಸರು ಕೂಗಿದಳು.

“ಏಳು ಚಿಕ್ಕಮ್ಮ, ಡಾಕ್ಟರು ಕರೀತಿದ್ದಾರೆ.”

“ಬೇಡ. ಕಣ್ಣು ಚೆನ್ನಾಗಿದೆ ಅಂತ ಅವರ ಬಾಯಲ್ಲೂ ಕೇಳೋಕೆ ನನ್ನಿಂದಾಗಲ್ಲ.”

ಚಪ್ಪಲಿಗಳ ಸದ್ದು ಹೊರಬಾಗಿಲ ಕಡೆಗೆ ಹೋಯಿತು.