ಜ್ಯೇಷ್ಠ ಪುತ್ರನ ಪೂರ್ತಿ ಹೆಸರು

ಅರಸೀಕೆರೆಗೆ ಇಂಟರ್‌ನೆಟ್ ಹೊಸದಾಗಿದ್ದ ಕಾಲ. ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರ ಬಳಿಗೆ ಸೈಬರ್ ಸೆಂಟರ್ ನಡೆಸುವ ಅರುಣಾ ಓಡಿಬಂದಳು.

“ದೊಡ್ಡಪ್ಪಾ, ತಪ್ಪು ನಿಮ್ಮದಲ್ಲ! ನಮ್ಮ ಕಂಪ್ಯೂಟರ್‌ಗಳಿಗೆಲ್ಲ ನೆಟ್ ಹಂಚೋ ಪ್ರಾಕ್ಸಿ ಸಾಫ್ಟ್‌ವೇರ್‌ದು.”

“ನಾನು ಕೂತ್ರೆ ನೆಟ್ಟೇ ಹೋಗುತ್ತೆ, ಕೈಗುಣ ಸರಿಯಿಲ್ಲ ಅಂತಿದ್ರಲ್ಲಮ್ಮ ಎಲ್ಲಾ?”

“ನೆಟ್‌ಗೆ ಬಿಡೋ ಮುಂಚೆ ಅದು ಹೆಸರು ಕೇಳಿದ್ರೆ ನೀವು ‘ಕಣಕಟ್ಟೆ ಕೊಬ್ಬರಿ ಮಂಡಿ ಶಿವಲಿಂಗಪ್ಪನವರ ಜ್ಯೇಷ್ಠ ಪುತ್ರ ಜಯದೇವಪ್ಪ’ ಅಂತ ಟೈಪ್ ಹೊಡೀತಿದ್ರಿ. ಅದು ಉದ್ದ ನೋಡ್ದೇನೇ ತಗೊಂಡು, ಮೆಮೊರೀಲಿ ಜಾಗ ಸಾಲ್ದೆ ಪಕ್ಕದ್ದರ ಮೇಲೆಲ್ಲ ಬರ್ದು, ಕೆಟ್ಟು ನಿಂತೋಗ್ತಿತ್ತು. ಕಳ್ಳರೂ ಅದೇ ಸಂದೀಲಿ ನುಗ್ಗಬೋದಿತ್ತು.”

“ಮತ್ತೆ?”

“ನಾನು ಬರೆದು ತಿಳಿಸ್ದೆ. ಸಾಫ್ಟ್‌ವೇರ್ ಮಾಡಿದೋರೇ ತಪ್ಪು ಒಪ್ಕೊಂಡು, ಸರಿ ಮಾಡಿ ಕಳ್ಸವ್ರೆ.”

ಕಣಕಟ್ಟೆ ಬಸ್ಸು ಬಂತು. ಹಿರಿಯರು ಹತ್ತಲಿಲ್ಲ. ಟವೆಲ್ ಕೊಡವಿ ಹೆಗಲಿಗೇರಿಸಿ, ಅವಳ ಸೆಂಟರಿನತ್ತ ಹೊರಟರು.

“ನಡಿಯಮ್ಮ. ತಾತನ ಹೆಸರು ಬಿಟ್ಟೋಗಿತ್ತು, ಅದನ್ನೂ ಸೇರಿಸ್ತೀನಿ.”