ಒಂದೇ ಸೋಮವಾರದ ಎರಡು ಚಿತ್ರ

ಹೆಸರು: ಮೇಬಲ್ ಮಥಾಯಸ್. ಗಂಡನ ಹೆಸರು: ದಿ. ಅಲೆಕ್ಸಾಂಡರ್ ಮಥಾಯಸ್. ಪ್ರಾಯ: 47 ವರ್ಷ. ಕೆಲಸ: ಚಿನ್ನದ ಅಂಗಡಿಯಲ್ಲಿ ಬಿಲ್ಲು ಬರೆಯುವುದು. ವಾಸ: ಪರ್ಕಳ, ಉಡುಪಿ ತಾಲೂಕು.

ಮೇಲ್ಕಂಡ ನಾನು ಯಾರೂ ಕರೆಯದೆ ಠಾಣೆಗೆ ಬಂದು ತಿಳಿಸುವುದೇನೆಂದರೆ, ನಾನು ಹಲವು ವರ್ಷಗಳಿಂದ ಉಡುಪಿ ತೆಂಕಪೇಟೆಯಲ್ಲಿ ವಿಠಲ ಶೇಟ್ ಇವರ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಅಂಗಡಿಯಲ್ಲಿ ನಾಲ್ಕು ಕ್ಯಾಮೆರಾಗಳಿವೆ. ಅವುಗಳ ಚಿತ್ರ ಹಿಂದಿನ ಕೋಣೆಯ ಕಂಪ್ಯೂಟರಿನಲ್ಲಿ ಸೇರುತ್ತದೆ. ಬೇಕಾದ ಭಾಗವನ್ನು ಸಿ.ಡಿ.ಗೆ ಇಳಿಸುವುದು ನಾನು ಮತ್ತು ಶೇಟರ ತಂಗಿಯ ಮಗ ವಿನೀತ್ ಎಂಬವರು. ಅಳಿಸುವ ಪಾಸ್‌ವರ್ಡ್ ಶೇಟರಿಗೆ ಮಾತ್ರ ಗೊತ್ತು. ಯಾರನ್ನೂ ಬೇಗ ನಂಬುವ ಅಭ್ಯಾಸ ನನಗಿಲ್ಲ. ಅಂಗಡಿಯವರು ನನ್ನನ್ನು ತಮಾಷೆಗೆ ಐದನೇ ಕ್ಯಾಮೆರಾ ಎನ್ನುತ್ತಾರೆ.

ನಿನ್ನೆ ತಾ. 29-10-2007ರ ಸೋಮವಾರ ಬೆಳಿಗ್ಗೆ ವಾರಕ್ಕೊಮ್ಮೆಯ ಮಾಲು ತಾಳೆ ನೋಡುವಾಗ ನಡುವಿನ ಶೋಕೇಸಿನಿಂದ ಒಂದು ಜೊತೆ ಕಡಗ ಕಾಣೆಯಾದದ್ದು ಗೊತ್ತಾಯಿತು. ವಿನೀತ್ ಕ್ಯಾಮೆರಾ ನೋಡುವುದಾಗಿ ಹೇಳಿ ಒಳಗೆ ಹೋದವರು ಹತ್ತು ನಿಮಿಷದಲ್ಲಿ ಸಿ.ಡಿ. ಹಿಡಿದುಕೊಂಡು ಬಂದರು. ಎಲ್ಲರ ಎದುರು ಅದನ್ನು ಹಾಕಲಾಯಿತು. ಅದರಲ್ಲಿ ತಾ. 22-10-2007, ಬೆಳಿಗ್ಗೆ 9.20 ಎಂದಿತ್ತು. ಗುಡಿಸುವ ಕೆಲಸದ ರತ್ನವ್ವ ತೆರೆದ ಶೋಕೇಸಿನೊಳಗೆ ಕೈ ಹಾಕಿ, ಆಮೇಲೆ ಸೆರಗು ಸರಿಮಾಡಿಕೊಳ್ಳುವುದು ಕಂಡಿತು. ಸದ್ರಿ ರತ್ನವ್ವ ಬಾಗಲಕೋಟೆ ಕಡೆಯವಳು, ಅಂಬಲಪಾಡಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದಾಳೆ. ನನಗೂ ಮೊದಲು ಅವಳ ಮೇಲೆಯೇ ಸಂಶಯ ಬಂತು. ಆದರೆ ಒಂದು ವಾರದ ಚಿತ್ರ ಓಡಿಸಿ ಹುಡುಕಲು ನನಗೆ ಅರ್ಧ ದಿನ ಬೇಕು. ಇವರಿಗೆ ಹತ್ತು ನಿಮಿಷ ಹೇಗೆ ಸಾಕಾಯಿತು ಎಂಬುದು ನನ್ನ ತಲೆಯಿಂದ ಹೋಗಲಿಲ್ಲ.

ಶೇಟರ ದೂರಿನ ಮೇಲೆ ಪೊಲೀಸರು ಬಂದು ಕರೆದುಕೊಂಡು ಹೋಗುವಾಗ ರತ್ನವ್ವ ನನ್ನ ಕೈ ಹಿಡಿದು, "ಅಕ್ಕಾರ, ಮೊನ್ನೆ ಶನಿವಾರ ವಿನೀತಣ್ಣಾರು ಒಳಗ ಒರಸು ಅಂದ್ರು, ಒರಸೀನಿ. ಒರಸೂದು ಕಳವು ಆಗ್ತೈತೇನ್ರಿ?" ಎಂದಳು. ಆ ಗದ್ದಲದಲ್ಲಿ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಶೋಕೇಸಿನ ಒಳಭಾಗವನ್ನು ಗುಡಿಸುವವರಿಂದ ಒರೆಸುವ ಕ್ರಮ ನಮ್ಮಲ್ಲಿ ಇಲ್ಲ. ಶನಿವಾರ ಕ್ಯಾಮೆರಾದ ಪರದೆಯಲ್ಲಿ ಹಳೆಯ ತಾರೀಕು ಬರುತ್ತಿದ್ದದ್ದನ್ನು ನಾನೇ ವಿನೀತರಿಗೆ ತೋರಿಸಿದ್ದೆ. ಕಂಪ್ಯೂಟರಿನ ಬ್ಯಾಟರಿ ಹೋಗಿದೆ ಎಂದು ಹೇಳಿ ಅವರು ಸರಿಮಾಡಿದ್ದರು.

ಇಂದು ಬೆಳಿಗ್ಗೆ ನಾನು ಬೇಗ ಹೋಗಿ ಕಂಪ್ಯೂಟರಿನಲ್ಲಿ 22ನೇ ತಾರೀಕಿನದನ್ನು ತೆಗೆದೆ. 9.20ಕ್ಕೆ ಎರಡು ಚಿತ್ರಗಳಿದ್ದವು. ಒಂದು ಸಿ.ಡಿ.ಯಲ್ಲಿ ನೋಡಿದ್ದೇ. ಇನ್ನೊಂದರಲ್ಲಿ ಮೇಲಿನ ಅಂಚಿಗೆ ಹಳದಿ ಹೂವು ನೇತಾಡುತ್ತಿತ್ತು. ಅದರ ಕಾರಣ ಹೀಗೆ: 20ನೇ ತಾರೀಕಿನ ಆಯುಧ ಪೂಜೆಗೆ ಶೇಟರ ತಾಯಿ ತಕ್ಕಡಿ, ಕಂಪ್ಯೂಟರುಗಳ ಜೊತೆಗೆ ನಾಲ್ಕೂ ಕ್ಯಾಮೆರಾಗಳಿಗೆ ಗೊಂಡೆ ಹೂವಿನ ಮಾಲೆ ಹಾಕಿದ್ದರು. ಚಿತ್ರಕ್ಕೆ ಅಡ್ಡ ಬರುತ್ತದೆಂದು ವಿನೀತ್ ಕೀಳಲು ಹೋದಾಗ, ಪೂಜೆಯ ಹೂವನ್ನು ಬಾಡುವ ಮೊದಲು ತೆಗೆಯಬಾರದೆಂದು ಆ ತಾಯಿ ಗದರಿಸಿದ್ದರು. ಮಾಲೆ ಇಳಿಸಿದ್ದು 25ನೇ ಗುರುವಾರ. ಹಾಗಿರುವಾಗ 22ನೇ ತಾರೀಕಿನ ಚಿತ್ರದಲ್ಲಿ ಹೂವು ಇರಲೇಬೇಕು. ಸಿ.ಡಿ.ಯಲ್ಲಿ ಹೂವು ಇಲ್ಲ. ಅಂದರೆ ಅದು ಮಾಲೆ ಇಳಿಸಿದ ಮೇಲೆ, ಶನಿವಾರ ಕಂಪ್ಯೂಟರಿನ ತಾರೀಕನ್ನು ಹಿಂದಕ್ಕೆ ಇಟ್ಟು ತೆಗೆದದ್ದು. ಹೂವು ಇರುವ ಚಿತ್ರದಲ್ಲಿ ರತ್ನವ್ವ ಇಲ್ಲ. ಅದರಲ್ಲಿ ವಿನೀತ್ ಕೀಲಿಕೈಯಿಂದ ಶೋಕೇಸು ತೆರೆದು ಕಡಗಗಳನ್ನು ಪ್ಯಾಂಟಿನ ಕಿಸೆಗೆ ಹಾಕಿಕೊಳ್ಳುತ್ತಾರೆ. ನೋಡಿ ನನ್ನ ಮೈ ಉರಿಯಿತು.

ಹತ್ತು ಗಂಟೆಗೆ ಇದನ್ನು ಶೇಟರಿಗೆ ತೋರಿಸಿದೆ. ಅವರು ಎರಡು ಸಲ ನೋಡಿ ಕುರ್ಚಿಯಲ್ಲಿ ಕುಳಿತರು. ತಂಗಿಗೆ ಮುಖ ತೋರಿಸುವುದು ಹೇಗೆ ಎಂದರು. ರತ್ನವ್ವನಿಗೆ ವಕೀಲರನ್ನು ತಾವೇ ನೋಡಿಕೊಡುವುದಾಗಿ ಹೇಳಿದರು. ಅವಳು ಮಾಡದ ತಪ್ಪಿಗೆ ವಕೀಲರು ಯಾಕೆ ಎಂದು ಕೇಳಿದ್ದಕ್ಕೆ, "ಮೇಬಲ್ ಬಾಯಿ, ಅವನು ನಮ್ಮ ಮನೆಯ ಹುಡುಗ ಅಲ್ವಾ. ಮಧ್ಯಾಹ್ನ ಊಟ ಮಾಡಿ ಬಂದು ಇದನ್ನು ನಾನೇ ಅಳಿಸ್ತೇನೆ. ನೀವು ಎಂತ ಸಹ ನೋಡ್ಲಿಲ್ಲ" ಎಂದರು. ಇಷ್ಟು ವರ್ಷದಲ್ಲಿ ಅವರು ನನ್ನೊಡನೆ ಇಷ್ಟು ಮೆದುವಾಗಿ ಮಾತನಾಡಿದ್ದು ಇದೇ ಮೊದಲು. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು.

ಸುಮಾರು 1.15ಕ್ಕೆ ಅವರು ಊಟಕ್ಕೆ ಹೋದ ಕೂಡಲೇ ನಾನು ವಯರುಗಳನ್ನು ಕಳಚಿ, ಕಂಪ್ಯೂಟರಿನ ಪೆಟ್ಟಿಗೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ರಿಕ್ಷಾದಲ್ಲಿ ಇಲ್ಲಿಗೆ ತಂದೆನು. ಚಿತ್ರವನ್ನು ಸಿ.ಡಿ.ಗೆ ಇಳಿಸಿ ತಂದರೆ ಸಾಕಿತ್ತಲ್ಲ ಎಂದು ತಾವು ಕೇಳಿದ್ದೀರಿ. ನಿನ್ನೆ ತಾವು ಸಿ.ಡಿ.ಯನ್ನು ನಂಬಿಯೇ ರತ್ನವ್ವನನ್ನು ಕರೆತಂದದ್ದು. ಆದ್ದರಿಂದ ಪೆಟ್ಟಿಗೆಯನ್ನೇ ತಂದಿದ್ದೇನೆ.

ಧಣಿಗೆ ಹೇಳದೆ ಅವರ ಸೊತ್ತನ್ನು ತಂದದ್ದು ಹೌದು. ಅವರು ದೂರು ಕೊಟ್ಟರೆ ನಾನು ಇಲ್ಲ ಎನ್ನುವುದಿಲ್ಲ. ಸಂಜೆ ರತ್ನವ್ವನನ್ನು ಕೋರ್ಟಿಗೆ ಹಾಜರುಪಡಿಸುವುದಾಗಿ ತಿಳಿಯಿತು. ಹೊರಗಿನ ಬೆಂಚಿನಲ್ಲಿ ಅವಳನ್ನು ಕೂರಿಸಿದ್ದೀರಿ. ಅಲ್ಲಿ ಯಾರಾದರೂ ಕೂರಲೇಬೇಕಾದರೆ ನಾನು ಕೂರುತ್ತೇನೆ, ಅವಳನ್ನು ಎಬ್ಬಿಸಿ ಮನೆಗೆ ಕಳುಹಿಸಿ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದು ಮತ್ತು ಹೇಳಿದ್ದು ಇಷ್ಟೇ, ಇದು ಸತ್ಯ.

ಸ್ಥಳ: ಉಡುಪಿ
ದಿನಾಂಕ: 30-10-2007

(ಸಹಿ) ಮೇಬಲ್ ಮಥಾಯಸ್