ಯಾರೂ ಫೋನ್ ಮಾಡದ ಪುಸ್ತಕ

ಕಂಪಾಲದಲ್ಲಿ ಸೀಟು ತುಂಬದೆ ವ್ಯಾನು ಹೊರಡುವುದಿಲ್ಲ. ನನ್ನ ಮುಂದಿನ ಸೀಟಿನಲ್ಲಿ ಊರಿಗೆ ಹೊರಟ, ನನಗೆ ಗುರುತಿಲ್ಲದ ಒಬ್ಬ ಹೆಂಗಸು ಕೂತಿದ್ದಳು. ಅವಳನ್ನು ಕಳಿಸಲು ಬಂದ ಅವಳ ಅಣ್ಣನ ಮಗಳು ನಕಿಮೇರಾ ಕಿಟಕಿಯಾಚೆ ನಿಂತಿದ್ದಳು; ಅವಳಿಗೆ ಈಕೆ ಸೆಂಗಾ, ಅಂದರೆ ಸೋದರತ್ತೆ.

"ಸೋಲಾರ್ ದೀಪದ ಡಬ್ಬೀಲಿರೋ ಪುಸ್ತಕದಲ್ಲಿ ನೀನು ಬರೆಯೋದೇನೇ? ಇಂಜಿನಿಯರು ಹೇಳ್ತಾನೆ, ನೀನು ಟೈಪ್ ಮಾಡ್ತೀಯ."

"ಅವನು ಹೇಳಿದ್ದೇ ಬರೆದ್ರೆ ಯಾರ ಮನೇಲೂ ದೀಪ ಹತ್ತಲ್ಲ ಸೆಂಗಾ. ನಾನೇ ಬಿಚ್ಚಿ, ಕೆಡಿಸಿ, ಜೋಡಿಸಿ ನೋಡಿ ಬರೀತೀನಿ."

"ನಮ್ಮೂರಲ್ಲಿ ಅದರ ಹಾಳೇಲಿ ಕಡಲೆಕಾಯಿ ಕಟ್ಟಿಕೊಡ್ತಾರೆ! ಓದಿದೋರು ಒಬ್ರಾದ್ರೂ ಫೋನ್ ಮಾಡಿ ಚೆನ್ನಾಗಿದೆ ಅಂದಿದ್ದಾರಾ?"

"ಚೆನ್ನಾಗಿದ್ರೆ ಯಾರೂ ಮಾಡಲ್ಲ. ಅರ್ಥ ಆಗದೋರು ಮಾತ್ರ ಮಾಡ್ತಾರೆ."

ಸೆಂಗಾ ಮಡಿಲಿನ ಬಾಳೆಕಾಯಿ ಗಂಟನ್ನು ಸುಮ್ಮನೆ ಬಿಗಿ ಮಾಡಿದಳು.

"ಹಾಗಾದ್ರೆ ನಿನ್ನ ಮದುವೆಗೆ ಮುಂಚೆ ನಾನು ಕೂರಿಸ್ಕೊಂಡು ಸಂಸಾರದ್ದೆಲ್ಲ ಹೇಳಿಕೊಟ್ನಲ್ಲ, ಅದು ಭಾಳ ಚೆನ್ನಾಗಿತ್ತು ಅನ್ನು."

"ಯಾಕೆ?"

"ಆಮೇಲೆ ನೀನು ಒಂದು ಸಲಾನೂ ಫೋನ್ ಮಾಡ್ಲಿಲ್ಲ."

ಕೊನೆಯ ಸೀಟು ತುಂಬಿತು. ಕಂಡಕ್ಟರ್ ಬಾಗಿಲು ಎಳೆದ.

"ಅರ್ಥ ಆಗದ್ದು ಬೇಕಾದಷ್ಟಿತ್ತು, ಸೆಂಗಾ," ಎಂದು ನಕಿಮೇರಾ ಹೇಳುವಷ್ಟರಲ್ಲಿ ವ್ಯಾನು ಹೊರಟಾಗಿತ್ತು. ಸೆಂಗಾ ಕೈಬೀಸುತ್ತಿದ್ದಳು. ಆ ಮಾತು ಕೇಳಿಸಿದ್ದು ನನಗೆ ಮಾತ್ರ.